ಕಡ್ಲಿ ಹುಳಿ

ಗಂಡನ ಹೆಸರು ಹೇಳಬಾರದು ಅಂತಿದ್ರು ನಮ್ಮತ್ತಿ.
ಮದವ್ಯಾಗ ಒಮ್ಮೆ ಒಡಪು ಕಟ್ಟಿ ಹೇಳಿದ್ದು,
ಈಗ ಕಪ್ಪತಗುಡ್ಡದ ಬುಡಕ್ಕ ನಿಂತು
ಬಾಯ್ತುಂಬ ಕೂಗತೇನಿ: ಅಂದಾನಪ್ಪಾ, ಚಾ ಆರತೈತಿ!
ಗುಡ್ಡ ಒಂದು ಸಲ ತಿರುಗಿ ಅನ್ನತೈತಿ.
ಅವ ಬರಾಂಗಿಲ್ಲ.

ಅವ ಕಡ್ಲಿ ಹೊಲದಾಗ.
ರಾತ್ರಿ ಹಾಸಿದ ಹಳೇ ಧೋತರ ಎತ್ತಾಕ ಹೋಗ್ಯಾನ,
ಹೊತ್ತೇರಿದ್ರ ಹುಳಿ ಆರಿ ಹೋಗತೈತಿ.
ಎಡಗೈಲೆ ಎತ್ತತಾನ. ಬಲಗೈಯಾಗ
ಎರಡು ಬೆರಳು ಅದಾವ, ಮೂರು
ಹನ್ನೊಂದು ಕೆವಿ ತಂತಿ ತಿಂದೈತಿ,
ಲಕ್ಕುಂಡಿ ರಸ್ತಾದ ಒಂದು ಕಂಬದ ಮ್ಯಾಲ.
ಲೈನ್ ಬಂದ್ ಮಾಡೇವಿ ಅಂತ ಫೋನಿನ್ಯಾಗ ಹೇಳಿದ್ರಂತ.

ಪರಿಹಾರದ ರೊಕ್ಕಕ್ಕ ಈ ಐದೆಕರೆ ಎರಿ ಕೊಂಡ.
ಯಾಕ ಇಷ್ಟು ದೂರ ಅಂದೆ.
ಕಂಬ ಎಣಿಸಿ ನೋಡು ಅಂದ.
ಎಣಿಸಿದೆ.
ಒಂದೂ ಇರಲಿಲ್ಲ.

ಆಮ್ಯಾಲ ಗುಡ್ಡದ ಹೆಗಲಿಗೆ ಗಾಳಿ ಫ್ಯಾನು ಬಂದ್ವು.
ಅವುಗಳ ಕರೆಂಟು ಆಚೆ ಮಗ್ಗಲಿಗೆ ಇಳಿದು
ಹೆಸರು ಗೊತ್ತಿಲ್ಲದ ಊರಿಗೆ ಹೋಗತೈತಿ.
ನಮಗ ಬರೂದು ಸಂಜಿ ನೆರಳು:
ಸಂಡಿಗಿ ಹಾಕಿದ ಅರಿವಿ ಮ್ಯಾಲ ಉದ್ದಕ ಹಾಯತಾವ,
ಹದ್ದು ಅಂತ ತಿಳಿದು ಕೋಳಿ ಓಡತಾವ.
ಮೂರು ವರ್ಷ ಆತು, ಇನ್ನೂ ಓಡತಾವ.

ಮಾಗಿ ಚಳ್ಯಾಗ ಹಾಲು ಹೆಪ್ಪಾಗಾಕ ಹಟ ಹಿಡಿತೈತಿ.
ಗಡಿಗಿಗೆ ಕೌದಿ ಹೊಚ್ಚಿ
ಜ್ವಾಳದ ಚೀಲದ ನಡುವ ಕುಂದ್ರಸತೇನಿ,
ಬಾಣಂತೀನ ಕುಂದ್ರಿಸಿದಂಗ.
ಬಾವಿ ನೀರು ಮಾತ್ರ ಬೆಚ್ಚಗ.
ಕೊಡ ಮ್ಯಾಲ ಬಂದಾಗ ಅದರ ಬಾಯಿಂದ ಉಗಿ,
ಎಮ್ಮಿ ಬಾಯಿಂದ ಉಗಿ, ನನ್ನ ಬಾಯಿಂದ ಉಗಿ.
ಮೂವರೂ ಸುಮ್ಮನ ನಿಂತಿರತೇವಿ ಚಣ ಹೊತ್ತು.

ಮಾಳಿಗಿ ಮ್ಯಾಲ ಒಂದು ಸೋಲಾರ್ ತಗಡು.
ಮಂಜು ಕವಿದ ದಿನ ಅದಕ್ಕ ಉಪವಾಸ.
ಬಲ್ಬೋ ರೇಡಿಯೋವೋ, ಎರಡ್ರಾಗ ಒಂದು:
ಉಣ್ಣೂದು ಬೆಳಕಿನ್ಯಾಗ, ಸುದ್ದಿ ಕತ್ತಲ್ಯಾಗ.
ಕುರಿ ಹಾಲಪ್ಪ ವಾರಕ್ಕೊಮ್ಮೆ ಫೋನು ಚಾರ್ಜಿಗೆ ಬರತಾನ,
ಹೊಟ್ಟಿ ನೋವು ಅಂತ ಹುಳಿ ಒಂದು ಚಮಚ ನೆಕ್ಕತಾನ,
ಹಿಡಿ ಉಣ್ಣಿ ಇಟ್ಟು ಹೋಗತಾನ.
ಅದನ್ನ ಅಂದಾನಪ್ಪನ ಕೈಗೆ ಸುತ್ತತೇನಿ.
ಇಲ್ಲದ ಬೆರಳಿಗೇ ಚಳಿ ಹತ್ತತೈತಿ, ಅಂತಾನ.

ನಿನ್ನೆ, ಎಳ್ಳ ಅಮಾಸಿ ಹಿಂದಿನ ರಾತ್ರಿ,
ಬಾಗಲಾ ಹಾಕಾಕ ಎದ್ದೆ.
ಗುಡ್ಡದ ಮ್ಯಾಲಿನ ಕೆಂಪು ದೀಪ ಒಂದೂ ಇಲ್ಲ.
ಡೋಣಿ ಇಲ್ಲ.
ಮುಂಡರಗಿ ದಿಕ್ಕಿನ ಬೂದಿ ಬೆಳಕೂ ಇಲ್ಲ.
ಅಷ್ಟೂ ಎರಿ ಸೀಮಿಗೆ ನಮ್ಮದೊಂದು ಬಲ್ಬು.

ಅವ ಉಣ್ಣೂದು ಬಿಟ್ಟು ಎದ್ದ.
ಬೆಲ್ಟು ತೂಗಹಾಕತಿದ್ದ ಗೂಟಕ್ಕ ಕೈ ಹಾಕಿದ.
ಅಲ್ಲಿದ್ದದ್ದು ಎಮ್ಮಿ ಹಗ್ಗ.
ಅದನ್ನ ಹೆಗಲಿಗೆ ಹಾಕ್ಕೊಂಡು ಅಂಗಳಕ್ಕ ಬಂದು
ಕತ್ತಲಿ ಓದಿದ, ಪತ್ರ ಓದಿದಂಗ:
ಡೋಣಿ ಫೀಡರ್ ಅಷ್ಟ ಅಲ್ಲ. ಮೇನ್ ಲೈನ್ ಹೋಗೇತಿ.
ಯಾರೋ ಹುಡುಗ ಹತ್ತತಿರಬೇಕು ಈಗ.
ಬಂದ್ ಮಾಡ್ಯಾರೋ ಇಲ್ಲೋ ಕೇಳು ತಮ್ಮಾ.
ಎರಡು ಸಲ ಕೇಳು.

ನಾ ನಮ್ಮ ಬಲ್ಬೂ ಆರಿಸಿದೆ.
ಯಾಕೋ, ಹಂಗ ಅನಿಸ್ತು.
ಚಿಕ್ಕಿ ಬಾಳ ಇದ್ವು.

ಎಷ್ಟು ಹೊತ್ತೋ. ರೊಟ್ಟಿ ಸೆಟೆದ್ವು.
ಮೊದಲು ಡೋಣಿ ಹತ್ತಿತು, ಆಮ್ಯಾಲ ಗುಡ್ಡ,
ಒಂದೊಂದ ಕೆಂಪು ಚುಕ್ಕಿ.
ಅವ ಉಸಿರು ಬಿಟ್ಟಿದ್ದು ನನಗ ಬಾಗಲತನಕ ಕೇಳಿತು.
ಹುಡುಗ ಇಳಿದ, ಅಂದ.
ಹಗ್ಗ ಗೂಟಕ್ಕ ಹಾಕಿ, ಧೋತರ ಬಗಲಾಗ ಹಿಡಕೊಂಡು
ಕಡ್ಲಿ ಹೊಲಕ್ಕ ಹೋದ, ಹಾಸಾಕ.

ಈಗ ಬಂದ ನೋಡು, ಮೊಣಕಾಲತನಕ ತೊಯ್ದು.
ಧೋತರ ಹಿಂಡೂದು ಒಬ್ಬರ ಕೆಲಸಲ್ಲ.
ಒಂದು ತುದಿ ಅವ ಆ ಕಡೆ ತಿರುವತಾನ,
ಒಂದು ತುದಿ ನಾ ಈ ಕಡೆ.
ನಡುವ ಕೆಮ್ಮಿನ ಔಷಧದ ಬಾಟ್ಲಿ,
ಅದರೊಳಗ ಹನಿ, ಹನಿ.
ನನ್ನ ಬೆರಳಿನ ಗೀರಿಗೆ ಹುಳಿ ಹತ್ತಿ ಉರಿತೈತಿ.
ಅವನ ಬೆರಳಿಗೂ ಉರಿತೈತಂತ,
ಯಾವ ಬೆರಳಿಗೆ ಅಂತ ನಾ ಕೇಳಲಿಲ್ಲ.

ಚಾ ಆರಿತ್ತು.
ಹಂಗ ಕುಡಿದ.